ಗಾಡಿಯ ಮೈಮೇಲಣ ಮಾತು

ಮನೆಯ ಗೋಡೆಯನ್ನು ಬಣ್ಣದ ಅಕ್ಷರಗಳಿಗೆ ಒಪ್ಪಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಹೆದ್ದಾರಿಯ ಬದಿಯ ಹಳ್ಳಿಗಳಲ್ಲಿ ಸಿಮೆಂಟಿನ, ಸಾಬೂನಿನ ಹೆಸರುಗಳನ್ನು ಹೊತ್ತು ನಿಂತ ಗೋಡೆಗಳನ್ನು ವಾಚಕರು ಕಂಡೇ ಇರುವರು. ಗೋಡೆಯಾದರೋ ನಿಂತಲ್ಲಿಯೇ ನಿಲ್ಲುವುದು. ಕಾರು ಊರೆಲ್ಲ ಸುತ್ತುವುದು. ಆದುದರಿಂದ ಕಾರಿನ ಮೈಯನ್ನೇ ಬಾಡಿಗೆಗೆ ಕೇಳುವ ವ್ಯಾಪಾರವೂ ಹುಟ್ಟಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಕೈಯಿಟ್ಟು ನಾವು ಪಡೆದ ಅನುಭವವನ್ನು ಗೃಹಸ್ಥರ ಮುಂದಿಡುವುದು ಅನುಚಿತವಾಗದೆಂದು ನಂಬಿದ್ದೇವೆ.

ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ಹೋದ ವರ್ಷ ನಿವೃತ್ತರಾದವರು. ತಿಪಟೂರಿನಲ್ಲಿ ವಾಸ. ಇರುವುದೊಂದು ಪುಟ್ಟ ಕಾರು. ಅದರ ಪೆಟ್ರೋಲು, ವಿಮೆ, ರಿಪೇರಿಗಳು ಪಿಂಚಣಿಯ ಹಣವನ್ನು ಇಲಿಯಂತೆ ಕೊರೆಯುತ್ತಿದ್ದುವು. ಹೀಗಿರಲು ಬೆಂಗಳೂರಿನಿಂದ ಬಂದ ಮಗನು, “ಅಪ್ಪ, ಗಾಡಿಯ ಮೇಲೆ ಜಾಹೀರಾತು ಅಂಟಿಸಿಕೊಂಡರೆ ತಿಂಗಳು ತಿಂಗಳು ಹಣ ಕೊಡುತ್ತಾರೆ” ಎಂದನು.

ಮೊದಲು ದೂರವಾಣಿಯಲ್ಲಿ ಮಾತನಾಡಿದ ಮಹಾಶಯನೊಬ್ಬನು ತಿಂಗಳಿಗೆ 8,000 ರೂಪಾಯಿ ಕೊಡುವೆನೆಂದೂ, ನಾವು ಮುಂಚಿತವಾಗಿ 2,500 ರೂಪಾಯಿ ನೋಂದಣಿ ಶುಲ್ಕ ಕಳುಹಿಸಬೇಕೆಂದೂ ಹೇಳಿದನು. ನಮ್ಮ ಮನೆಯವರು ಇದನ್ನು ಕೇಳಿ, “ಬಾಡಿಗೆಗೆ ಬರುವವನು ಮನೆಯ ಯಜಮಾನನಿಂದಲೇ ಮುಂಗಡ ಕೇಳುತ್ತಾನೆಯೆ?” ಎಂದರು. ಆ ಒಂದು ಪ್ರಶ್ನೆ ನಮ್ಮನ್ನು ಉಳಿಸಿತು. ಅಮೆರಿಕದಲ್ಲಿ ಈ ಮೋಸಕ್ಕೆ ಬೇರೊಂದು ವೇಷವುಂಟು. ಅಲ್ಲಿ ಕೊಡಬೇಕಾದುದಕ್ಕಿಂತ ದೊಡ್ಡ ಮೊಬಲಗಿನ ಚೆಕ್ಕನ್ನು ಕಳುಹಿಸಿ, ಹೆಚ್ಚಿನ ಹಣವನ್ನು ಹಾಳೆ ಅಂಟಿಸುವವನಿಗೆ ರವಾನಿಸಿರೆಂದು ಹೇಳುವರು. ತರುವಾಯ ಆ ಚೆಕ್ಕು ಖೋಟಾ ಎಂದು ತಿಳಿಯುವುದು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಜನರನ್ನು ಈ ವಿಷಯದಲ್ಲಿ ಎಚ್ಚರಿಸಿದೆ.

ಎರಡನೆಯ ಕರೆ ನಮ್ಮೂರಿನದೇ ಆದ ಒಂದು ಮನೆಪಾಠದ ಸಂಸ್ಥೆಯಿಂದ ಬಂದಿತು. ತಿಂಗಳಿಗೆ 1,500 ರೂಪಾಯಿ, ಆರು ತಿಂಗಳ ಕರಾರು. ನಮ್ಮಿಂದ ಬಿಡಿಕಾಸೂ ಬೇಡವೆಂದರು. ಒಪ್ಪಿದೆವು. ಎರಡು ಕಡೆಯ ಬಾಗಿಲುಗಳ ಮೇಲೂ ವಿನೈಲ್ ಹಾಳೆ ಬಂದಿತು. “ಹತ್ತನೆಯ ತರಗತಿಯಲ್ಲಿ ಯಶಸ್ಸು ಖಚಿತ” ಎಂಬ ಕೆಂಪಕ್ಷರಗಳು ಹೊಳೆದುವು. ಹಣವು ತಪ್ಪದೆ ಬಂದಿತು. ಔಷಧದ ಖರ್ಚು ಅದರಲ್ಲಿಯೇ ಸರಿಹೋಗುತ್ತಿತ್ತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಮೂರನೆಯ ತಿಂಗಳಿನಲ್ಲಿ ಒಂದು ದಿನ, ಕೊಬ್ಬರಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ನಮ್ಮ ಹಳೆಯ ಶಿಷ್ಯನೊಬ್ಬನು ಗಾಡಿಯನ್ನು ನಿಲ್ಲಿಸಿ ಕೈಮುಗಿದನು. “ಮೇಷ್ಟ್ರೇ, ಮಗನನ್ನು ಅಲ್ಲಿಗೇ ಸೇರಿಸಿದೆ. ಹದಿನೆಂಟು ಸಾವಿರ ಸಾಲ ಮಾಡಿ ಕಟ್ಟಿದೆ. ನಿಮ್ಮ ಗಾಡಿಯ ಮೇಲೇ ಬರೆದಿದೆಯಲ್ಲ, ಇನ್ನು ವಿಚಾರಿಸುವುದೇನಿದೆ?”

ನಮಗೆ ಎದೆ ಧಸಕ್ಕೆಂದಿತು. ನಾವು ಆ ಸಂಸ್ಥೆಯ ಹೊಸ್ತಿಲನ್ನು ತುಳಿದವರೇ ಅಲ್ಲ! ಮರುದಿನ ಹೋಗಿ ನೋಡಿದೆವು. ಇಕ್ಕಟ್ಟಾದ ಒಂದು ಕೋಣೆ. ಎಂಬತ್ತಕ್ಕೆ ಕಡಿಮೆಯಿಲ್ಲದ ಮಕ್ಕಳು. ಮುಂದೆ ನಿಂತ ತರುಣನು ಅಚ್ಚಾದ ಟಿಪ್ಪಣಿಯನ್ನು ಓದುತ್ತಿದ್ದನು, ಮಕ್ಕಳು ಬರೆದುಕೊಳ್ಳುತ್ತಿದ್ದರು. ಪ್ರಶ್ನೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನ್ಯಾಯಶಾಸ್ತ್ರದಲ್ಲಿ ಶಬ್ದಪ್ರಮಾಣವೆಂದರೆ ಆಪ್ತನ ಮಾತು. ವಿಷಯವನ್ನು ಇದ್ದಂತೆ ತಿಳಿದು, ತಿಳಿದಂತೆ ಹೇಳುವವನೇ ಆಪ್ತನೆಂದು ಪಾಠಶಾಲೆಯಲ್ಲಿ ಕಲಿತಿದ್ದೆವು. ಆ ಬಡ ತಂದೆಯು ನಂಬಿದುದು ಕೆಂಪಕ್ಷರಗಳನ್ನಲ್ಲ, ನಮ್ಮನ್ನು. ಸಂಸ್ಥೆಯವರು ಬೆಲೆ ಕಟ್ಟಿದುದೂ ತಗಡಿನ ಬಾಗಿಲಿಗಲ್ಲ. ಮೂವತ್ತು ವರ್ಷಗಳಲ್ಲಿ ಊರು ನಮ್ಮಲ್ಲಿಟ್ಟ ನಂಬಿಕೆಗೆ. ತಿಳಿಯದುದಕ್ಕೆ ಸಾಕ್ಷಿ ನುಡಿದು ನಾವು ತಿಂಗಳ ಬಾಡಿಗೆಯನ್ನು ಎಣಿಸಿಕೊಂಡಿದ್ದೆವು.

ಆ ವಾರವೇ ಕರಾರನ್ನು ಮುರಿದು, ಪಡೆದ 4,500 ರೂಪಾಯಿಗಳನ್ನೂ ಹಿಂದಿರುಗಿಸಿದೆವು. ಬಿಸಿಗಾಳಿ ಊದಿ ಹಾಳೆಯನ್ನು ಕೀಳುವಾಗ, ಹಿಂದೆ ತೇಪೆ ಹಾಕಿ ಬಣ್ಣ ಬಳಿಸಿದ್ದ ಕಡೆ ಬಣ್ಣವೂ ಕಿತ್ತುಬಂದಿತು. ಹುಡುಗನ ಶುಲ್ಕವನ್ನು ಹಿಂದಕ್ಕೆ ಕೊಡಿಸಲು ಮಾತ್ರ ನಮ್ಮಿಂದಾಗಲಿಲ್ಲ. ಈಗ ಅವನು ಸಂಜೆ ನಮ್ಮ ಮನೆಗೆ ಬರುತ್ತಾನೆ. ಸಂಸ್ಕೃತ, ಕನ್ನಡಗಳನ್ನು ನಾವು ಹೇಳುತ್ತೇವೆ. ಗಣಿತಕ್ಕೆ ನಮ್ಮೊಡನೆ ನಿವೃತ್ತರಾದ ಮಿತ್ರರೊಬ್ಬರು ಒಪ್ಪಿದ್ದಾರೆ.

ಈ ಕೆಲಸಕ್ಕೆ ಕೈಹಾಕುವವರಿಗೆ ಎರಡು ಮಾತು. ಮುಂಗಡ ಕೇಳುವವನನ್ನು ದೂರವಿಡಿ. ಕರಾರನ್ನು ಬರಹದಲ್ಲಿ ಪಡೆಯಿರಿ. ಬಿಳಿಯ ಫಲಕದ ಸ್ವಂತ ಗಾಡಿಯಾದುದರಿಂದ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ವಿಚಾರಿಸಿರಿ. ನೋಂದಣಿ ಫಲಕವನ್ನಾಗಲಿ ಗಾಜನ್ನಾಗಲಿ ಮುಚ್ಚಗೊಡಬೇಡಿರಿ. ಇವೆಲ್ಲಕ್ಕಿಂತ ಮುಂಚೆ, ಗಾಡಿಯ ಮೇಲೆ ಬರೆಯುವ ಮಾತನ್ನು ನೆರೆಮನೆಯವರಿಗೆ ನಿಮ್ಮ ಬಾಯಿಂದಲೇ ಹೇಳಬಲ್ಲಿರಾ ಎಂದು ಕೇಳಿಕೊಳ್ಳಿರಿ.

ಬಾಗಿಲಿನ ಬಣ್ಣವನ್ನು ನಾವಿನ್ನೂ ಸರಿಮಾಡಿಸಿಲ್ಲ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಹಾಗೆಯೇ ಇರಲೆಂದು ನಮ್ಮ ಮನೆಯವರ ಅಭಿಪ್ರಾಯ.