ತವರಿಗೆ ಹೊರಟ ಮೀನು

ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದಲ್ಲಿ, ಪುಸ್ತಕದ ಕಪಾಟಿನ ಮೇಲೆ ಒಂದು ಹಿತ್ತಾಳೆಯ ಮೀನಿದೆ. ಗೇಣುದ್ದದ್ದು. ತಲೆ ಮೇಲಕ್ಕೆ, ಬಾಲ ಒಂದು ಬದಿಗೆ ಬಾಗಿದೆ. ಹೊಟ್ಟೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಂಡುಗಳು. ಅವು ತತ್ತಿಗಳು ಎಂಬುದು ನಮಗೆ ಮೊದಲು ತಿಳಿಯಲಿಲ್ಲ, ಮಾಡಿದವನೇ ಹೇಳಬೇಕಾಯಿತು.

ನಾವು ಗಂಡ ಹೆಂಡತಿ ಆಗ ಕೋಲ್ಕತ್ತದಲ್ಲಿದ್ದೆವು. ಮಗಳು ಹೊಟ್ಟೆಯಲ್ಲಿದ್ದ ಐದನೆಯ ತಿಂಗಳು. ಬಾಂಕುರಾ ಪಟ್ಟಣದ ಪಕ್ಕದ ಬಿಕ್ನಾ ಎಂಬ ಹಳ್ಳಿಗೆ ಡೋಕ್ರಾ ಎರಕವನ್ನು ನೋಡಲು ಹೋಗಿದ್ದೆವು. ಮೊದಲು ಮಣ್ಣಿನ ಮೀನು. ಅದರ ಮೇಲೆ ರಾಳ ಮತ್ತು ಸಾಸಿವೆ ಎಣ್ಣೆ ಕಾಯಿಸಿ ಹೊಸೆದ ಎಳೆಗಳನ್ನು ಸುತ್ತಿ ಹುರುಪೆ, ಕಣ್ಣು, ರೆಕ್ಕೆಗಳನ್ನು ಮೂಡಿಸುತ್ತಾರೆ. ಮೇಲೆ ಮತ್ತೆ ಮಣ್ಣು ಮೆತ್ತಿ ಸುಡುತ್ತಾರೆ. ಎಳೆ ಕರಗಿ ಹೋದ ಜಾಗಕ್ಕೆ ಕಾದ ಹಿತ್ತಾಳೆ ಇಳಿಯುತ್ತದೆ. ಕೊನೆಗೆ ಅಚ್ಚನ್ನು ಒಡೆಯುತ್ತಾರೆ. ಜೋಡಿಯಾಗಿ ಇಂಥದೇ ಇನ್ನೊಂದು ಬೇಕೆಂದು ಕೇಳಿದೆವು. ಆತ ಒಡೆದ ಮಣ್ಣಿನ ಚೂರುಗಳನ್ನು ತೋರಿಸಿ ನಕ್ಕ. ತಲೆಯೇಕೆ ಮೇಲಕ್ಕಿದೆ ಎಂದು ಕೇಳಿದ್ದಕ್ಕೆ, ಹೊಳೆ ಹತ್ತದಿದ್ದರೆ ಅದು ಇಲಿಶ್ ಹೇಗಾದೀತು ಎಂದ.

ಇಲಿಶ್ ಎಂದರೆ ಹಿಲ್ಸಾ. ಬಂಗಾಳಕೊಲ್ಲಿಯ ಉಪ್ಪುನೀರಿನಲ್ಲಿ ಬೆಳೆದು, ಮಳೆಗಾಲದಲ್ಲಿ ತತ್ತಿಯಿಡಲು ಸಿಹಿನೀರಿಗೆ ಹತ್ತುವ ಮೀನು. ಒಂದು ಕಾಲಕ್ಕೆ ಅದು ಗಂಗೆಯಲ್ಲಿ ಪ್ರಯಾಗದವರೆಗೆ, ಯಮುನೆಯಲ್ಲಿ ಆಗ್ರಾದವರೆಗೆ ಬರುತ್ತಿತ್ತು. ಕೋಲ್ಕತ್ತ ಬಂದರಿನ ಹೂಳು ಕಳೆಯಲು ಹೂಗ್ಲಿಗೆ ನೀರು ತಿರುಗಿಸಬೇಕಿತ್ತು. ಅದಕ್ಕಾಗಿ ಕಟ್ಟಿದ ಫರಕ್ಕಾ ಬ್ಯಾರೇಜು 1975ರಲ್ಲಿ ಕೆಲಸ ಆರಂಭಿಸಿತು. ಎರಡು ಕಿಲೋಮೀಟರಿಗೂ ಉದ್ದದ ಆ ಗೋಡೆಯ ಮೇಲ್ಗಡೆಯ ಊರುಗಳ ಬಲೆಗಳಿಗೆ ಹಿಲ್ಸಾ ಬೀಳುವುದು ಬಹುಮಟ್ಟಿಗೆ ನಿಂತೇಹೋಯಿತು. ಈಚೆಗೆ ಬ್ಯಾರಕ್‌ಪುರದ ಮೀನುಗಾರಿಕಾ ವಿಜ್ಞಾನಿಗಳು ಹಿಲ್ಸಾಗಳನ್ನು ಬ್ಯಾರೇಜಿನ ಮೇಲ್ಭಾಗದ ನೀರಿಗೆ ತಾವೇ ಒಯ್ದು ಬಿಡುತ್ತಿದ್ದಾರೆ. ಎಲ್ಲಿಯವರೆಗೆ ಹೋದವೆಂದು ತಿಳಿಯಲು ಕೆಲವಕ್ಕೆ ಗುರುತಿನ ಪಟ್ಟಿಯನ್ನೂ ಕಟ್ಟುತ್ತಾರೆ.

ಹತ್ತುವ ಮೀನು ಮಲೆನಾಡಿನ ನಮಗೆ ಹೊಸದಲ್ಲ. ಮೊದಲ ಮಳೆಗೆ ಹಳ್ಳ ತುಂಬಿದಾಗ ಮೀನುಗಳು ಗದ್ದೆಯ ಕಡೆಗೆ ಏರಿ ಬರುತ್ತವೆ. ಅವಕ್ಕೆ ಹೆಸರೇ ಹತ್ತುಮೀನು. ರಾತ್ರಿ ಲಾಟೀನು ಹಿಡಿದು ಕೂಣಿ ಇಡಲು ಹೊರಟವರಿಗೆ ಅಜ್ಜಿ ಹೇಳುತ್ತಿದ್ದರು: “ಬಸುರಿ ತವರಿಗೆ ಹೊರಟ ಹಾಗೆ ಹೊರಟಿದಾವೆ ಕಣ್ರೋ, ಎಲ್ಲಾನೂ ಹಿಡೀಬೇಡಿ.”

ಬಿಕ್ನಾದಿಂದ ಮರಳಿದ ಎರಡು ತಿಂಗಳಿಗೆ ನಾವೂ ಸಾಗರದ ಬಳಿಯ ತವರಿಗೆ ಹೊರಡಬೇಕಿತ್ತು. ಅಮ್ಮ ಒಳಕೋಣೆಗೆ ಸುಣ್ಣ ಬಳಿಸಿ, ಬಾಣಂತಿಯ ಮಂಚ ಹಾಕಿಸಿದ್ದರು. ಅಷ್ಟರಲ್ಲಿ ದೆಹಲಿಗೆ ವರ್ಗಾವಣೆಯ ಆದೇಶ ಬಂತು. ನಾವು ಹೋಗಲಿಲ್ಲ. ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದಳು. ಮಂಡಿನೋವಿನಿಂದ ಅಷ್ಟು ದೂರ ಬರಲಾಗದ ಅಮ್ಮ ಮೊಮ್ಮಗಳನ್ನು ಕಂಡದ್ದು ಅವಳು ಕೂರುವುದನ್ನು ಕಲಿತ ಮೇಲೆ.

ಹದಿನಾಲ್ಕು ವರ್ಷ ಆ ಆದೇಶವನ್ನು ದೂರುತ್ತ ಬಂದೆವು. ಮೊನ್ನೆ ಮಗಳು ಮೀನನ್ನು ಒರೆಸುತ್ತ, “ನಾನ್ಯಾಕೆ ಅಜ್ಜಿ ಮನೇಲಿ ಹುಟ್ಟಲಿಲ್ಲ?” ಎಂದಳು. ಅದೇ ಉತ್ತರ ಬಾಯಿಗೆ ಬಂತು; ಹೇಳಲು ಮನಸ್ಸಾಗಲಿಲ್ಲ. ನಿಜವೇನೆಂದರೆ, ಕಾಲಾವಕಾಶ ಕೋರಿ ನಾವು ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ಬರೆದಿದ್ದರೆ ಸಿಗುತ್ತಿತ್ತೋ ಏನೋ. ಬಡ್ತಿಗೆ ತೊಡಕಾದೀತೆಂದು ಇಬ್ಬರೂ ಮಾತಾಡಿಕೊಂಡೇ ಸುಮ್ಮನಾದೆವು. ಹಿಲ್ಸಾದ ದಾರಿಗೆ ಗೋಡೆ ಕಟ್ಟಿದವರು ಬೇರೆಯವರು. ನಮ್ಮ ಗೋಡೆಯನ್ನು ಕಟ್ಟಿಕೊಂಡವರು ನಾವೇ. ಅವಳಿಗೆ ಹಾಗೆಯೇ ಹೇಳಿದೆವು. ಅವಳು ಏನೂ ಅನ್ನದೆ ಮೀನನ್ನು ಕಪಾಟಿನ ಮೇಲಿಟ್ಟಳು.

ಈ ಸಲ ಬೇಸಿಗೆಯ ರಜೆಯಲ್ಲಿ ಹತ್ತು ದಿನ ಊರಿನಲ್ಲಿದ್ದು ಬರುವ ವಾಡಿಕೆಯನ್ನು ಬಿಟ್ಟು, ಮಳೆ ಹಿಡಿಯುವ ಜೂನಿಗೆ ರಜೆ ಹಾಕಿದ್ದೇವೆ. ಈ ಬಾರಿ ಅರ್ಜಿ ಬರೆದೆವು. ಹತ್ತುಮೀನು ಈಗಲೂ ಬರುತ್ತವೆಯೇ ಎಂದು ಮಗಳು ಫೋನಿನಲ್ಲಿ ಕೇಳಿದಳು. “ಮಳೆ ಬಂದ್ರೆ ಬರ್ತಾವೆ ಪುಟ್ಟಿ, ಮೊದ್ಲು ನೀವು ಬನ್ನಿ,” ಎಂದರು ಅಮ್ಮ. “ಒಳಕೋಣೆ ಹಾಗೇ ಇದೆ. ಸುಣ್ಣ ಬಳಿಸ್ತೀನಿ.”