ಭಕ್ಷೀಸು

ಪರದೇಶಕ್ಕೆ ಹೊರಟವನು ಅಲ್ಲಿನ ಹವೆಯನ್ನು ವಿಚಾರಿಸುತ್ತಾನೆ. ಊಟ ಉಪಚಾರದ ಬಗೆಯನ್ನು ತಿಳಿದುಕೊಳ್ಳುತ್ತಾನೆ. ಅಲ್ಲಿನ ಭಾಷೆಯ ನಾಲ್ಕಾರು ಮಾತುಗಳನ್ನೂ ಬಾಯಿಪಾಠ ಮಾಡುತ್ತಾನೆ. ಆದರೆ ಊಟ ಬಡಿಸಿದವನಿಗೆ, ಪೆಟ್ಟಿಗೆ ಹೊತ್ತವನಿಗೆ ಭಕ್ಷೀಸು ಕೊಡುವ ಸಮಯ ಬಂದಾಗ ಮಾತ್ರ ತಬ್ಬಿಬ್ಬಾಗುತ್ತಾನೆ. ಕೊಡುವುದರಲ್ಲಿ ಕಲಿಯುವುದೇನಿದೆ ಎಂದು ಭಾವಿಸಿದವನಿಗೆ ಪಾಠ ಆರಂಭವಾಗುವುದು ಆಗಲೇ.

ಅಂಥವನೊಬ್ಬನು ಜಪಾನಿನ ಉಪಾಹಾರ ಮಂದಿರದಲ್ಲಿ ತೃಪ್ತಿಯಾಗಿ ಉಂಡು, ಮೇಜಿನ ಮೇಲೆ ಒಂದಿಷ್ಟು ಹಣವನ್ನಿಟ್ಟು ಹೊರಟನೆನ್ನೋಣ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಪರಿಚಾರಕನು ಓಡಿಬಂದು, ಮರೆತು ಬಿಟ್ಟುಹೋದ ವಸ್ತುವೆಂಬಂತೆ ತಲೆಬಾಗಿ ಅದನ್ನು ಹಿಂದಿರುಗಿಸುವುದುಂಟು. ಅತಿಥಿಯನ್ನು ಆದರಿಸುವುದು ಅಲ್ಲಿ ವೃತ್ತಿಧರ್ಮ. ಅದಕ್ಕಾಗಿ ಮೇಲೆ ಹಣ ಪಡೆಯುವ ರೂಢಿಯಿಲ್ಲ. ಹಳೆಯ ಪದ್ಧತಿಯ ವಸತಿಗೃಹಗಳಲ್ಲಿ ಕೆಲವರು ಕೃತಜ್ಞತೆಯ ಕಾಣಿಕೆಯನ್ನು ಕೊಡುವುದುಂಟಾದರೂ ಅದನ್ನು ಲಕೋಟೆಯಲ್ಲಿಟ್ಟು ಗೌರವದಿಂದ ಒಪ್ಪಿಸುತ್ತಾರೆ. ಬರಿಯ ನೋಟನ್ನು ಮುಂದೆ ಚಾಚುವುದು ಸಭ್ಯತೆಯಲ್ಲ.

ಈ ಪಾಠವನ್ನು ಮನದಟ್ಟು ಮಾಡಿಕೊಂಡು ಅದೇ ಪ್ರವಾಸಿ ಅಮೆರಿಕಕ್ಕೆ ಹೋದರೆ ಅಲ್ಲಿಯೂ ತಪ್ಪುತ್ತಾನೆ. ಅಲ್ಲಿ ಏನನ್ನೂ ಇಡದೆ ಎದ್ದುಬಂದರೆ ಬಡಿಸಿದವನ ಮುಖ ಬಾಡುತ್ತದೆ. ಬಿಲ್ಲಿನ ಮೊತ್ತದಲ್ಲಿ ನೂರಕ್ಕೆ 15ರಿಂದ 20ರಷ್ಟನ್ನು ಕೊಡುವುದು ಅಲ್ಲಿನ ವಾಡಿಕೆ. ಇದನ್ನು ದುರಾಸೆಯೆಂದು ಜರೆಯುವುದು ಸಲ್ಲದು. 1991ರಿಂದ ಆ ದೇಶದ ಕೇಂದ್ರ ಕಾನೂನು ಇಂಥ ಕೆಲಸಗಾರನಿಗೆ ಮಾಲೀಕನು ಗಂಟೆಗೆ 2.13 ಡಾಲರ್ ಮಾತ್ರ ಕೊಡಬಹುದೆಂದು ಹೇಳುತ್ತದೆ. ಕನಿಷ್ಠ ವೇತನದ ಉಳಿದ ಭಾಗವನ್ನು ಭಕ್ಷೀಸಿನಿಂದ ತುಂಬಿಕೊಳ್ಳಲು ಅವಕಾಶವಿದೆ. ಅನೇಕ ರಾಜ್ಯಗಳು ಹೆಚ್ಚಿನ ವೇತನವನ್ನು ವಿಧಿಸಿವೆ. ಹೀಗೆ ಗಿರಾಕಿಯ ಕೊಡುಗೆಯೇ ಕೆಲಸಗಾರನ ಸಂಬಳವಾಗುತ್ತದೆ.

ಈ ವಾಡಿಕೆಯ ಹಿಂದೆ ನೋವಿನ ಕಥೆಯೊಂದಿದೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮರು ಬಿಡುಗಡೆ ಹೊಂದಿದರು. ಅವರಲ್ಲಿ ಅನೇಕರು ಜಾರ್ಜ್ ಪುಲ್ಮನ್ ಎಂಬ ಉದ್ಯಮಿಯ ರೈಲು ಶಯನಗಾಡಿಗಳಲ್ಲಿ ಸೇವಕರಾದರು. ಸಂಬಳ ಅತ್ಯಲ್ಪ, ಪ್ರಯಾಣಿಕರು ಕೊಟ್ಟ ಕಾಸೇ ಅವರ ಸಂಸಾರಕ್ಕೆ ಆಧಾರ. ಎಷ್ಟೋ ಪ್ರಯಾಣಿಕರು ಅವರ ನಿಜವಾದ ಹೆಸರನ್ನೂ ಕೇಳದೆ, ಮಾಲೀಕನ ಹೆಸರನ್ನೇ ಹಿಡಿದು ಎಲ್ಲರನ್ನೂ 'ಜಾರ್ಜ್' ಎಂದು ಕೂಗುತ್ತಿದ್ದರು. ಕಾಸು ಬೇಕಾದವನು ನಗುತ್ತ ಓಗೊಡಲೇಬೇಕಾಗಿತ್ತು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಈ ಸೇವಕರು ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಉತ್ತಮ ವೇತನದ ಒಪ್ಪಂದವನ್ನು ಗಳಿಸಿಕೊಂಡರು. ಅವರು ಬಯಸಿದುದು ದಯೆಯನ್ನಲ್ಲ, ದುಡಿಮೆಯ ಬೆಲೆಯನ್ನು.

ಆದುದರಿಂದ ಪ್ರವಾಸಿಯು ತನ್ನ ರೂಢಿಯೇ ಲೋಕದ ರೂಢಿಯೆಂದು ತಿಳಿಯಬಾರದು. ಕೊಡಬೇಕಾದಲ್ಲಿ ಕೊಡದಿರುವುದು ಕೂಲಿ ತಪ್ಪಿಸಿದಂತೆ. ಬೇಡದಲ್ಲಿ ಬಲವಂತವಾಗಿ ಕೊಡುವುದು ಅಭಿಮಾನಕ್ಕೆ ಪೆಟ್ಟು ಕೊಟ್ಟಂತೆ. ಎರಡು ಕಡೆಯೂ ಎದುರಿಗಿರುವವನು ತನ್ನಂತೆಯೇ ಮಾನವುಳ್ಳ ಮನುಷ್ಯನೆಂಬ ನೆನಪಿದ್ದರೆ, ಕೊಡುವ ಕೈಗೂ ತೆಗೆದುಕೊಳ್ಳುವ ಕೈಗೂ ಸಂಕೋಚವಿರುವುದಿಲ್ಲ.