ವೃತ್ತ ತುಂಬಿದ ಇಂಗ್ಲಿಷು

2021ರ ಜುಲೈನಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಎರಡೇ ದಿನಕ್ಕೆ ಇಡೀ ಪರೀಕ್ಷೆ ಮುಗಿಸಿದ್ದು ನಿಮಗೆ ನೆನಪಿರಬಹುದು. ಕೊರೊನಾ ಕಾಲ. ಮೂರೂ ಭಾಷೆ ಒಂದೇ ದಿನ, ಒಂದೊಂದಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿದರಾಯಿತು. ಆ ಸಂಕಟದ ಹೊತ್ತಿಗೆ ಅದು ಸರಿಯಾದ ದಾರಿಯೇ, ಅದಿರಲಿ. ವೃತ್ತ ತುಂಬಿದ ಇಂಗ್ಲಿಷೂ ವಾಕ್ಯ ಬರೆದ ಇಂಗ್ಲಿಷೂ ಒಂದೇ ಏನು ಎಂಬ ಪ್ರಶ್ನೆ ಮಾತ್ರ ನನ್ನನ್ನು ಈಗಲೂ ಬಿಟ್ಟಿಲ್ಲ.

ಕನ್ನಡ ಮಾಧ್ಯಮದ ಹುಡುಗಿಗೆ ‘ಶೀ ಡ್ಯಾಶ್ ಟು ಸ್ಕೂಲ್ ಎವ್ರಿ ಡೇ’ ಎಂದು ಕೊಟ್ಟು, ಕೆಳಗೆ ಗೋ, ಗೋಸ್, ಗೋಯಿಂಗ್, ಗಾನ್ ಇಟ್ಟರೆ ‘ಗೋಸ್’ಗೇ ಗುರುತು ಹಾಕುತ್ತಾಳೆ. ಅಮ್ಮನ ಮೇಲೆ ಹತ್ತು ಸಾಲು ಬರೆ ಅಂದರೆ ‘ಮೈ ಮದರ್ ಗೋ ಟು ಮಾರ್ಕೆಟ್’ ಅನ್ನುತ್ತಾಳೆ. ಪಾಪ, ಬರೆಯುವಾಗ ಅಮ್ಮ, ಸಂತೆ, ತರಕಾರಿ ಹೆಸರು, ಸ್ಪೆಲಿಂಗು ಎಲ್ಲ ಒಟ್ಟಿಗೇ ಮೈಮೇಲೆ ಬಂದಿರುತ್ತವೆ. ಕ್ರಿಯಾಪದದ ಬಾಲ ನೋಡಲು ಪುರುಸೊತ್ತೆಲ್ಲಿ? ಮೇಷ್ಟ್ರು ಆ ಪದದ ಮೇಲೆ ಬೆರಳಿಟ್ಟರೆ ತಾನೇ ತಿದ್ದಿಕೊಳ್ಳುತ್ತಾಳೆ.

ಹಾಗಂತ ವ್ಯಾಕರಣದ ಹಾಳೆ ಯಾವಾಗಲೂ ಸುಲಭ ಅನ್ನುವ ಹಾಗೂ ಇಲ್ಲ. ಎಲೇನ್ ಟರೋನ್ ಎಂಬ ಭಾಷಾವಿಜ್ಞಾನಿ ಜಪಾನಿ, ಅರಬ್ಬಿ ಮನೆಮಾತಿನ ಕಲಿಯುವವರಿಗೆ ತಪ್ಪು ತಿದ್ದುವ ಪರೀಕ್ಷೆಯನ್ನೂ ಕೊಟ್ಟು, ಕತೆಯನ್ನೂ ಹೇಳಿಸಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ಗೋಸ್’ನ ಆ ಬಾಲ ಪರೀಕ್ಷೆಯಲ್ಲೇ ಹೆಚ್ಚು ಸರಿ ಬಂದಿತ್ತು. ‘ಎ’, ‘ದ’ಗಳದ್ದು ತಿರುವುಮುರುವು: ಕತೆ ಹೇಳುವಾಗ ಚೆನ್ನಾಗಿ ಬಳಸಿದವರೇ ಪರೀಕ್ಷೆಯಲ್ಲಿ ಎಡವಿದ್ದರು. ಯಾವ ವಸ್ತುವಿನ ಮಾತು ಎಂದು ಕೇಳುವವನಿಗೆ ತಿಳಿಯಬೇಕಲ್ಲ, ಆ ಅಗತ್ಯವೇ ಅವರ ಕೈಹಿಡಿದಿತ್ತು. ಕನ್ನಡದಲ್ಲಿ ‘ಎ’, ‘ದ’ಗಳೇ ಇಲ್ಲ, ಹಿಂದುಮುಂದಿಲ್ಲದ ಒಂದೇ ವಾಕ್ಯ ಕೊಟ್ಟು ಬಿಟ್ಟ ಸ್ಥಳ ತುಂಬು ಅನ್ನುವುದು ನಮ್ಮ ಮಕ್ಕಳಿಗೆ ನಿಜಕ್ಕೂ ಅನ್ಯಾಯ.

ನಮ್ಮ ಎಸ್ಸೆಸ್ಸೆಲ್ಸಿ ಪತ್ರಿಕೆಗಳಲ್ಲಿ ಬರುವ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ಒಂದು ಪ್ಯಾರಾ ಕೊಟ್ಟು, ಇದರಲ್ಲಿ ಎರಡು ತಪ್ಪಿವೆ, ತಿದ್ದಿ ಬರೆಯಿರಿ ಅನ್ನುತ್ತಾರೆ. ಜೊತೆಗೆ ಸುಳಿವು: ಒಂದು ಪ್ರಿಪೊಸಿಷನ್ನಿನದು, ಇನ್ನೊಂದು ಕ್ಯಾಪಿಟಲ್ ಅಕ್ಷರದ್ದು. ತರಗತಿಯಲ್ಲಿ ಇದನ್ನೇ ಮಕ್ಕಳು ಸ್ವತಃ ಬರೆದ ಪ್ಯಾರಾಕ್ಕೆ ಮಾಡಿಸಬೇಕು. ಸುಳಿವಿಲ್ಲದೆ ಎಷ್ಟು ತಿದ್ದಿಕೊಂಡರು, ಸುಳಿವು ಸಿಕ್ಕ ಮೇಲೆ ಎಷ್ಟು, ಎರಡನ್ನೂ ಬೇರೆಬೇರೆ ಬರೆದಿಟ್ಟುಕೊಂಡರೆ ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಎಂದು ಮೇಷ್ಟ್ರಿಗೆ ತಿಳಿಯುತ್ತದೆ.